ನರಗುಂದದ ಗುಡ್ಡದ ಕೆಳಗೆ ಮಾರ್ಕ್ಸ್ ಓದು

1858ರ ಮೇ 28ರಂದು ಅಮೆರಿಕದ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ಕೊಟ್ಟ ಮಾತು, ಬರೆದ ಒಪ್ಪಂದ ಎರಡನ್ನೂ ಮುರಿದು ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ನುಂಗಿದ ಬಗೆ ಅದರ ವಿಷಯ. ಮರುದಿನ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮಾನ್ಸನ್ ಹತನಾದ. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಿದರು. ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ಬಂಡಾಯವದು. ಲೇಖನ ಬರೆದವನು ಲಂಡನ್ನಿನ ಬಾಡಿಗೆ ಮನೆಯಲ್ಲಿದ್ದ ಕಾರ್ಲ್ ಮಾರ್ಕ್ಸ್. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಇಬ್ಬರೂ ಎದುರಿಸುತ್ತಿದ್ದ ಕಂಪನಿ ಮಾತ್ರ ಒಂದೇ.

ನಮ್ಮ ಕಡೆ ಮಾರ್ಕ್ಸ್ ಹೆಸರು ಬಂದರೆ ಮೊದಲು ಕೇಳುವ ಮಾತು, “ಆತ ಪರದೇಶದಾಂವ, ನಮ್ಮ ಹೊಲಮನಿ ಸುದ್ದಿ ಆತಗೇನು ಗೊತ್ತು?” ಅನ್ನುವುದು. ಆತ ಭಾರತಕ್ಕೆ ಕಾಲಿಟ್ಟವನಲ್ಲ ಎಂಬುದು ನಿಜ. ಆದರೆ 1853ರಿಂದ ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ಕೂತು ಪಾರ್ಲಿಮೆಂಟಿನ ವರದಿಗಳನ್ನು ಓದಿ, ನಮ್ಮ ಕಂದಾಯ ಪದ್ಧತಿಯ ಬಗ್ಗೆ ಒಂದಾದ ಮೇಲೊಂದು ಲೇಖನ ಬರೆದ. ಅವುಗಳಲ್ಲಿ ಹಲವನ್ನು ಟ್ರಿಬ್ಯೂನ್ ಹೆಸರಿಲ್ಲದೆಯೇ ಸಂಪಾದಕೀಯವಾಗಿ ಹಾಕಿತು. ಮುಂಬಯಿ, ಮದ್ರಾಸ್ ಪ್ರಾಂತಗಳಲ್ಲಿ ರೈತನಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯಲ್ಲಿ ರೈತನಿಗೆ ಒಡೆತನದ ಭದ್ರತೆಯಿಲ್ಲ, ಬಡ್ಡಿಗೆ ಸಾಲ ಕೊಡುವವನ ಕಾಟ ಮಾತ್ರ ಇದೆ ಎಂದು 1853ರಲ್ಲೇ ತೋರಿಸಿದ. 1857ರ ಸೆಪ್ಟೆಂಬರಿನಲ್ಲಿ, ಕಂದಾಯ ವಸೂಲಿಗೆ ರೈತರಿಗೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು ಸರ್ಕಾರದ ದಾಖಲೆಗಳಿಂದಲೇ ಹೆಕ್ಕಿ ಬರೆದ. ಸಿಪಾಯಿಗಳ ಕ್ರೌರ್ಯದ ಸುದ್ದಿಯಿಂದ ಇಂಗ್ಲೆಂಡ್ ಉರಿಯುತ್ತಿದ್ದ ದಿನಗಳವು.

“ಪರದೇಶದಾಂವ” ಎಂಬ ಮಾತಿಗೆ ತದ್ವಿರುದ್ಧವಾದ ತಪ್ಪು ಅಭಿಮಾನಿಗಳದು. 1857ರ ದಂಗೆಯನ್ನು ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಎಂದು ಕರೆದವನು ಮಾರ್ಕ್ಸ್ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಆ ಹೆಸರಿನ ಪುಸ್ತಕವಿರುವುದು ನಿಜ. ಆದರೆ ಮಾರ್ಕ್ಸ್ ತೀರಿಕೊಂಡು ಎಪ್ಪತ್ತಾರು ವರ್ಷಗಳ ಮೇಲೆ, 1959ರಲ್ಲಿ, ಅವನ ಮತ್ತು ಅವನ ಗೆಳೆಯ ಎಂಗೆಲ್ಸ್‌ನ ಲೇಖನಗಳನ್ನು ಕಟ್ಟಿ ಮಾಸ್ಕೋದ ಪ್ರಕಾಶಕರು ಇಟ್ಟ ಹೆಸರದು. ಇದು ಬರೀ ಹೆಸರಿನ ತಕರಾರಲ್ಲ. ಬಂಡೆದ್ದವರೆಲ್ಲರಿಗೂ ಮಾರ್ಕ್ಸ್ ಕಣ್ಣು ಮುಚ್ಚಿ ಜೈ ಅಂದವನಲ್ಲ. ಗವರ್ನರ್ ಜನರಲ್ ಕ್ಯಾನಿಂಗ್ ಅವಧ್‌ನ ಜಮೀನನ್ನೆಲ್ಲ ಜಪ್ತಿ ಮಾಡಿದ ಘೋಷಣೆಯ ಬಗ್ಗೆ ಅವನು ಬರೆದದ್ದು 1858ರ ಜೂನ್ 7ರಂದು ಪ್ರಕಟವಾಯಿತು. ನರಗುಂದದ ಕೋಟೆ ಬಿದ್ದು ಆಗ ಐದಾರು ದಿನ. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲು ಇನ್ನೂ ಐದು ದಿನವಿತ್ತು. ಅವಧ್‌ನ ತಾಲೂಕುದಾರರು ನಿಜವಾಗಿ ಭೂಮಿಯ ಒಡೆಯರೋ, ಬರೀ ಕಂದಾಯ ಎತ್ತುವವರೋ, ಹಾಗಾದರೆ ಭೂಮಿ ಊರವರದಲ್ಲವೇ ಎಂದು ಆ ಲೇಖನ ಎರಡೂ ಕಡೆಯ ವಾದವನ್ನು ತೂಗುತ್ತದೆ. ಬಾಬಾಸಾಹೇಬರ ಧೈರ್ಯಕ್ಕೆ ತಲೆಬಾಗುತ್ತಲೇ ಈ ಪ್ರಶ್ನೆಯನ್ನು ನಾನು ನರಗುಂದದ ಮುಂದೂ ಇಡುತ್ತೇನೆ. ಸಂಸ್ಥಾನ ಉಳಿದಿದ್ದರೆ ಎರೆಹೊಲ ಉಳುವವನ ಪಾಲಿಗೆ ಏನು ಉಳಿಯುತ್ತಿತ್ತು?

“ಬ್ರಿಟಿಷರು ಬಂದದ್ದು ಒಳ್ಳೇದಾಯಿತು ಅಂದವನು” ಎಂಬ ಆಪಾದನೆಗೆ ಒಂದೇ ಮಾತಿನ ಉತ್ತರ ಸಾಲದು. 1853ರ ಲೇಖನಗಳಲ್ಲಿ ಅದಕ್ಕೆ ಆಧಾರವಿದೆ. ಇಂಗ್ಲಿಷರು ಹಳೆಯದನ್ನು ಕೆಡವುತ್ತಾರೆ, ರೈಲು ತಂತಿಗಳಿಂದ ಹೊಸದಕ್ಕೆ ತಳಹದಿ ಹಾಕುತ್ತಾರೆ ಎಂದು ಅವನು ನಂಬಿದ್ದ. ಇಂಗ್ಲೆಂಡಿನ ಕಾರ್ಮಿಕರು ಅಧಿಕಾರ ಹಿಡಿಯುವ ತನಕ, ಇಲ್ಲವೇ ಭಾರತೀಯರೇ ನೊಗ ಕಿತ್ತೊಗೆಯುವ ತನಕ ಅದರ ಫಲ ಇಲ್ಲಿಯವರಿಗೆ ದಕ್ಕದು ಎಂದೂ ಅಲ್ಲೇ ಬರೆದಿದ್ದಾನೆ. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಎತ್ತಿ ಹೇಳುವುದು ಓದಲ್ಲ.

ಆದರೆ ಆ ಲೇಖನಗಳಲ್ಲಿ ಮಾರ್ಕ್ಸ್‌ನದೇ ಒಂದು ತಪ್ಪು ಕಲ್ಪನೆಯೂ ಇದೆ. ಭಾರತದ ಹಳ್ಳಿ ತನ್ನಷ್ಟಕ್ಕೆ ತಾನಿದ್ದು ಸಾವಿರಾರು ವರ್ಷ ಬದಲಾಗದೆ ಕೂತಿತ್ತು ಎಂದು ಕಂಪನಿಯ ವರದಿಗಳನ್ನು ನಂಬಿ ಬರೆದ. ಗಜೇಂದ್ರಗಡದ ಬಳಿಯ ಸೂಡಿಗೆ ಹೋಗಿ ನೋಡಬೇಕು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯ ಆಡಳಿತ ಕಂಡ ಊರು, ಚಿನ್ನದ ನಾಣ್ಯ ಹೊಡೆಯುವ ಟಂಕಸಾಲೆ ಇದ್ದ ಊರು. ನಾಣ್ಯವಿದ್ದಲ್ಲಿ ಪೇಟೆಯಿದೆ, ದೂರದೂರಿನ ವ್ಯಾಪಾರವಿದೆ, ಏಳುಬೀಳಿದೆ. ಸೂಡಿಯ ಕಲ್ಲುಶಾಸನಗಳು ಹೇಳುವ ಕಥೆ ಬೇರೆ.

ಅವನಲ್ಲಿ ನಾನು ಮೆಚ್ಚುವುದು ಮುಂದಿನದನ್ನು. ವಯಸ್ಸಾದ ಮೇಲೂ ಕೂತು ಓದಿ ಅವನು ಮನಸ್ಸು ಬದಲಾಯಿಸಿದ. 1881ರಲ್ಲಿ ರಷ್ಯಾದ ಕ್ರಾಂತಿಕಾರಿಣಿ ವೆರಾ ಝಾಸುಲಿಚ್, ನಮ್ಮ ಹಳ್ಳಿಗಳ ಸಾಮೂಹಿಕ ಒಡೆತನ ಅಳಿಯಲೇಬೇಕೇ ಎಂದು ಪತ್ರ ಬರೆದು ಕೇಳಿದಾಗ ಮತ್ತೆ ಮತ್ತೆ ಕರಡು ತಿದ್ದಿದ. ಭಾರತದಲ್ಲಿ ಇಂಗ್ಲಿಷರು ಸಾಮೂಹಿಕ ಭೂ ಒಡೆತನ ಒಡೆದದ್ದು ಬರೀ ಧ್ವಂಸ, ಅದು ಜನರನ್ನು ಮುಂದಕ್ಕಲ್ಲ ಹಿಂದಕ್ಕೆ ತಳ್ಳಿತು ಎನ್ನುವ ಅಭಿಪ್ರಾಯ ಆ ಕರಡುಗಳಲ್ಲಿದೆ. ಅವು ಅಚ್ಚಾದದ್ದು 1920ರ ದಶಕದಲ್ಲಿ. ಮಾರ್ಕ್ಸ್ ಹೀಗಂದ ಎಂದು ಯಾರಾದರೂ ಹೇಳಿದರೆ ಯಾವ ಇಸವಿಯ ಮಾರ್ಕ್ಸ್ ಎಂದು ಕೇಳುವ ರೂಢಿ ನನಗೆ ಬಂದದ್ದು ಇದರಿಂದ.

ಮಾರ್ಕ್ಸ್ ಅಂದರೆ “ಹೊಲ ಕಸಗೊಳ್ಳಾಂವ” ಎಂಬ ಭಯ ರೋಣದ ಎರಡೆಕರೆ ಕಡಲೆ ಬೆಳೆಯುವವನಿಗೂ ಇದೆ. 1848ರ ‘ಕಮ್ಯುನಿಸ್ಟ್ ಪ್ರಣಾಳಿಕೆ’ ಗುರಿಯಿಟ್ಟದ್ದು ಬೇರೆಯವರ ದುಡಿಮೆಯಿಂದ ಬೆಳೆಯುವ ಬಂಡವಾಳದ ಒಡೆತನಕ್ಕೆ. ಸಣ್ಣ ರೈತನ, ಕುಶಲಕರ್ಮಿಯ ಒಡೆತನವನ್ನು ಕಾರ್ಖಾನೆ ದಿನದಿನವೂ ತಾನೇ ಅಳಿಸುತ್ತಿದೆ ಎಂದು ಅದು ಹೇಳುತ್ತದೆ. ಗಜೇಂದ್ರಗಡದಲ್ಲಿ ಪಟ್ಟೇದಂಚಿನ ಸೀರೆ ನೇಯುವ ಕೈಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ರೈತನ ಭೂಮಿಯನ್ನು ಬಲವಂತದಿಂದ ಕಿತ್ತುಕೊಳ್ಳುವ ಮಾತೇ ಇಲ್ಲ, ಸಹಕಾರಕ್ಕೆ ಒಲಿಸಬೇಕು ಎಂದು ಎಂಗೆಲ್ಸ್ 1894ರಲ್ಲಿ ಬಿಚ್ಚಿ ಬರೆದ. ಮುಂದೆ ಸ್ಟಾಲಿನ್ ಕಾಲದ ರಷ್ಯಾದಲ್ಲಿ ಬಲವಂತವೇ ನಡೆಯಿತು. ಭಯದ ಬೇರು ಅಲ್ಲಿದೆ, ಅದನ್ನು ಮುಚ್ಚಿಡಬಾರದು.

ಇನ್ನೊಂದು ಆಪಾದನೆ ಧರ್ಮದ್ದು. ಮಾರ್ಕ್ಸ್ ಧರ್ಮವನ್ನು ಅಫೀಮು ಅಂದದ್ದು 1844ರಲ್ಲಿ ಪ್ರಕಟವಾದ, ತತ್ವಜ್ಞಾನಿ ಹೆಗೆಲ್ ಕುರಿತ ಬರಹದಲ್ಲಿ. ಆ ಕಾಲದ ಯುರೋಪಿನಲ್ಲಿ ಅಫೀಮು ಅಂಗಡಿಯಲ್ಲಿ ಸಿಗುವ ನೋವಿನ ಔಷಧಿಯೂ ಆಗಿತ್ತು. ಧರ್ಮ ನೊಂದ ಜೀವದ ನಿಟ್ಟುಸಿರು ಎಂಬರ್ಥದ ಮಾತು ಅದಕ್ಕೆ ತುಸು ಮೊದಲೇ ಇದೆ. ಅವನು ಧರ್ಮವನ್ನು ಒಪ್ಪಲಿಲ್ಲ, ಆದರೆ ಅವನ ಸಿಟ್ಟು ನೋವಿನ ಕಾರಣದ ಮೇಲೆ.

ಕೊನೆಯ ತಪ್ಪು ಓದು ರೈತರನ್ನು ಕುರಿತದ್ದು. 1852ರಲ್ಲಿ ಫ್ರಾನ್ಸಿನ ಸಣ್ಣ ರೈತರನ್ನು ಮಾರ್ಕ್ಸ್ ಚೀಲದೊಳಗಿನ ಆಲೂಗಡ್ಡೆಗೆ ಹೋಲಿಸಿದ್ದನ್ನು ರೈತನ ಅವಮಾನವೆಂದು ಓದುವವರಿದ್ದಾರೆ. ಒಬ್ಬೊಬ್ಬನೂ ತನ್ನ ತುಂಡು ನೆಲದಲ್ಲಿ ತಾನೇ ದುಡಿಯುತ್ತಾನೆ, ದಾರಿ ಸರಿಯಿಲ್ಲ, ವ್ಯವಹಾರ ಬೆಸೆಯುವುದಿಲ್ಲ, ಆದ್ದರಿಂದ ಒಂದೇ ಕಷ್ಟವಿದ್ದರೂ ಒಂದು ದನಿಯಿಲ್ಲ ಎಂದು ಅವನು ಕಾರಣ ಕೊಟ್ಟಿದ್ದ. ಕಾರಣ ಬದಲಾದರೆ ಫಲವೂ ಬದಲಾಗಬೇಕಲ್ಲ? ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭಾ ಕಾಲುವೆ ಬಂದ ಮೇಲೆ ನರಗುಂದ, ನವಲಗುಂದದ ರೈತರಿಗೆ ಒಂದೇ ನೀರು, ಒಂದೇ ಅಭಿವೃದ್ಧಿ ಕರ, ಬಿದ್ದುಹೋದ ಒಂದೇ ಹತ್ತಿ ದರ. 1980ರ ಜುಲೈ 21ರಂದು ಅವರು ಸಾವಿರಗಟ್ಟಲೆ ಬೀದಿಗಿಳಿದರು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪೊಲೀಸರ ಗುಂಡಿಗೆ ಬಲಿಯಾದರು. ಅಲ್ಲಿಂದ ಎದ್ದ ರೈತ ಸಂಘದ ಮುಂದಾಳು ಎಂ. ಡಿ. ನಂಜುಂಡಸ್ವಾಮಿ ಸಮಾಜವಾದಿ ಲೋಹಿಯಾ ಹಾದಿಯವರು, ಮಾರ್ಕ್ಸ್‌ವಾದಿಯಲ್ಲ. ಆಲೂಗಡ್ಡೆಗಳನ್ನು ಬೆಸೆದದ್ದು ಯಾವ ಪುಸ್ತಕವೂ ಅಲ್ಲ, ಕಾಲುವೆ ಮತ್ತು ಕರದ ನೋಟೀಸು. ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿನ ಮುಂದೆ ಇಂದಿಗೂ ರೈತರು ಸೇರುತ್ತಾರೆ, ಈಗ ಕೇಳುವುದು ಮಹದಾಯಿ ನದಿಯ ನೀರನ್ನು.