ದಿನಕ್ಕೆ 21 ಲೀಟರ್ ಹಾಲು

"ಮಾಮ, ಕೆಂಪು ಬಂತು."

ರಾತ್ರಿ ಹತ್ತರ ಹೊತ್ತಿಗೆ ಅಕ್ಕನ ಮಗಳ ವಾಟ್ಸ್ಆ್ಯಪ್ ಸಂದೇಶ, ಜೊತೆಗೆ ಲ್ಯಾಪ್‌ಟಾಪ್ ಪರದೆಯ ಫೋಟೊ. ಹಾಸನದಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ಈ ಸೆಮಿಸ್ಟರಿಗೆ ಪೈಥಾನ್ ಇದೆ. ಮನೆಯ ಹಾಲಿನ ಲೆಕ್ಕ ಹಾಕಲು ಒಂದು ಪುಟ್ಟ ಪ್ರೋಗ್ರಾಂ ಬರೆಯಲು ಕೂತಿದ್ದಳು. ಬರೆದದ್ದು ಏಳು ಸಾಲು, ಬಂದ ಕೆಂಪು ಅಕ್ಷರ ಹತ್ತು ಸಾಲು.

ಕೆಂಪು ಶಾಯಿ ಎಂದರೆ ಬೈಗುಳ ಎಂದು ನಮಗೆ ಶಾಲೆಯಲ್ಲೇ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಹೊಸಬರು ಅದನ್ನು ಓದುವುದೇ ಇಲ್ಲ, ಕಿಟಕಿ ಮುಚ್ಚಿ ಮತ್ತೆ ಓಡಿಸುತ್ತಾರೆ. ಅದೇ ಕೆಂಪು ಮತ್ತೆ ಬರುತ್ತದೆ. ಪೈಥಾನಿನಲ್ಲಿ ಈ ಕೆಂಪು ಸಾಲುಗಳ ಹೆಸರು ಟ್ರೇಸ್‌ಬ್ಯಾಕ್, ಹೆಜ್ಜೆ ಗುರುತು ಹಿಡಿದು ಹಿಂದಕ್ಕೆ ಹೋಗುವುದು ಅಂತ ಅರ್ಥ. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಏನಾಯಿತು ಎಂಬುದು ತೀರಾ ಕೊನೆಯ ಸಾಲಿನಲ್ಲಿರುತ್ತದೆ. ಅದರ ಮೇಲೆ ಯಾವ ಫೈಲು, ಎಷ್ಟನೇ ಸಾಲು ಎಂಬುದು. ಇನ್ನೂ ಮೇಲಿನದು, ಅಲ್ಲಿಗೆ ಬಂದ ದಾರಿ. ಏಳು ಸಾಲಿನ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಕೊನೆಯ ಎರಡು ಮೂರು ಸಾಲು ಓದಿದರೆ ಸಾಕು.

ಅವಳ ಫೋಟೊದ ಕೊನೆಯ ಸಾಲುಗಳಲ್ಲಿ, ಪ್ರೋಗ್ರಾಮಿನ ನಾಲ್ಕನೇ ಸಾಲಿನಲ್ಲಿ ವಾಕ್ಯರಚನೆಯ ದೋಷವಿದೆ, ಅಂದರೆ ಸಿಂಟ್ಯಾಕ್ಸ್ ಎರರ್ ಎಂದಿತ್ತು. ನಾಲ್ಕನೇ ಸಾಲು ಚೊಕ್ಕವಾಗಿತ್ತು. ತಪ್ಪು ಇದ್ದದ್ದು ಮೂರನೆಯದರಲ್ಲಿ: ಆವರಣ ತೆರೆದು ಮುಚ್ಚಿರಲಿಲ್ಲ. ತೆರೆದ ಆವರಣದ ಒಳಗಿನ ಮಾತು ಮುಂದಿನ ಸಾಲಿಗೂ ಹರಿಯಬಹುದು ಎಂಬುದು ಪೈಥಾನಿನ ನಿಯಮ, ಹಾಗಾಗಿ ಅದು ಮುಂದಕ್ಕೆ ಓದುತ್ತಲೇ ಹೋಯಿತು. ಬೇರೆ ಬಸ್ಸು ಹತ್ತಿದವನಿಗೆ ಅದು ತಿಳಿಯುವುದು ಮುಂದಿನ ಸ್ಟಾಪಿನಲ್ಲಿ ತಾನೆ? ಆದ್ದರಿಂದ ತೋರಿಸಿದ ಸಾಲು ಸರಿಯಿದ್ದರೆ ಅದರ ಹಿಂದಿನದನ್ನು ನೋಡಬೇಕು. 2021ರ ಅಕ್ಟೋಬರಿನಲ್ಲಿ ಬಂದ 3.10ನೇ ಆವೃತ್ತಿ ಈ ವಿಷಯದಲ್ಲಿ ಬಹಳ ಸುಧಾರಿಸಿದೆ, ಈ ಆವರಣ ಮುಚ್ಚಿಯೇ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಹೆಸರಿನ ಕಾಗುಣಿತ ತಪ್ಪಿದರೆ ನೀವು ಹೇಳಹೊರಟದ್ದು ಇದೇನಾ ಎಂದೂ ಕೇಳುತ್ತದೆ. ನಮ್ಮ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅದಕ್ಕಿಂತ ಹಳೆಯದು.

ಈ ಬಗೆಯ ತಪ್ಪುಗಳು ಬಡಪಾಯಿಗಳು, ಕಣ್ಣಿಗೆ ಬಿದ್ದ ಕೂಡಲೇ ಸಾಯುತ್ತವೆ. ಆದರೆ ಕೆಲವು ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷಿನ ಹಾಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಕನ್ನಡದಲ್ಲಿಲ್ಲ. ವಾಕ್ಯ ಆರಂಭವಾಯಿತೆಂದು ಮೊಬೈಲ್ ಕೀಬೋರ್ಡ್ ಪ್ರಿಂಟ್ ಪದದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿದರೆ ನಮಗೆ ಏನೂ ಅನ್ನಿಸದು, ಪೈಥಾನಿಗೆ ಅದು ಗುರುತೇ ಇಲ್ಲದ ಹೆಸರು. ಇನ್ನೊಂದು ಉದ್ಧರಣ ಚಿಹ್ನೆಯದು. ವರ್ಡ್ ಕಡತದ ನೋಟ್ಸಿನಿಂದ ನಕಲು ಮಾಡಿ ಅಂಟಿಸಿದಾಗ ನೆಟ್ಟಗಿನ ಚಿಹ್ನೆಯ ಜಾಗದಲ್ಲಿ ಬಾಗಿದ, ಚೆಂದದ ಚಿಹ್ನೆ ಬಂದಿರುತ್ತದೆ. ಮುದ್ರಣಕ್ಕೆ ಚೆಂದ, ಪೈಥಾನಿಗೆ ಅಪರಿಚಿತ. ಎರಡನ್ನೂ ನೋಡಿ ಕಂಡುಹಿಡಿಯುವುದಕ್ಕಿಂತ ಆ ಸಾಲನ್ನು ಅಳಿಸಿ ಕೈಯಾರೆ ಟೈಪ್ ಮಾಡುವುದೇ ಬೇಗ.

ಸಾಲಿನ ಆರಂಭದ ಖಾಲಿ ಜಾಗವೂ ಹಾಗೆಯೇ. ಬೇರೆ ಹಲವು ಭಾಷೆಗಳು ಒಂದು ಗುಂಪಿನ ಸಾಲುಗಳನ್ನು ಪುಷ್ಪಾವರಣದಲ್ಲಿ ಕಟ್ಟಿದರೆ ಪೈಥಾನ್ ಅವುಗಳನ್ನು ಒಳಕ್ಕೆ ಸರಿಸಿ ಬರೆಯಿರಿ ಎನ್ನುತ್ತದೆ. ಇದು ಎಬಿಸಿ ಎಂಬ ಭಾಷೆಯಿಂದ ಬಂದ ಬಳುವಳಿ. ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಆ ಭಾಷೆಯ ಮೇಲೆ ಕೆಲಸ ಮಾಡಿದ್ದ ಗೀಡೊ ವಾನ್ ರೋಸಮ್, 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲೆಂದು ಪೈಥಾನ್ ಬರೆಯತೊಡಗಿದರು. ಹೆಸರು ಹಾವಿನದಲ್ಲ, ಮಾಂಟಿ ಪೈಥಾನ್ ಎಂಬ ಬಿಬಿಸಿ ಹಾಸ್ಯ ತಂಡದ್ದು. ಆ ಹಾಸ್ಯ ಭಾಷೆಯೊಳಗೂ ಉಳಿದಿದೆ: ಭವಿಷ್ಯದ ಆವೃತ್ತಿಯಿಂದ ಪುಷ್ಪಾವರಣ ತಂದುಕೊಡು ಎಂದು ಪೈಥಾನಿಗೆ ಅಪ್ಪಣೆ ಕೊಟ್ಟು ನೋಡಿ, "ಅದು ಮಾತ್ರ ಆಗದು" ಎಂಬರ್ಥದ ಎರರ್ ಬರುತ್ತದೆ. ಹೊಸಬರಿಗೆ ಇಲ್ಲಿ ಕಾಡುವುದು ಟ್ಯಾಬ್ ಮತ್ತು ಸ್ಪೇಸ್‌ಗಳ ಕಲಬೆರಕೆ. ಪರದೆಯ ಮೇಲೆ ಎರಡೂ ಬರೀ ಬಿಳಿ, ಯಂತ್ರಕ್ಕೆ ಬೇರೆ ಬೇರೆ ಅಕ್ಷರ. ಎಡಿಟರಿನಲ್ಲಿ ಟ್ಯಾಬ್ ಒತ್ತಿದರೆ ನಾಲ್ಕು ಸ್ಪೇಸ್ ಬೀಳಲಿ ಎಂದು ಹೊಂದಿಸಿಟ್ಟರೆ ಈ ಕಾಟ ತೀರಿತು.

ಆವರಣ ಮುಚ್ಚಿದಳು. ಅರ್ಧ ಗಂಟೆಯ ಮೇಲೆ ಮತ್ತೆ ಸಂದೇಶ. ಈ ಸಲ ಕೆಂಪು ಇಲ್ಲ, ನಗುವ ಮುಖಗಳು. "ಮಾಮ, ನಾವು ದಿನಕ್ಕೆ 21 ಲೀಟರ್ ಹಾಲು ತಗೋತೀವಂತೆ!"

ಬೆಳಿಗ್ಗೆ ಎಷ್ಟು ಎಂದು ಪ್ರೋಗ್ರಾಂ ಕೇಳಿತ್ತು, 2 ಎಂದು ಒತ್ತಿದ್ದಳು. ಸಂಜೆ 1. ಕೂಡಿಸಿದರೆ 21. ಲೀಟರಿಗೆ 50 ರೂಪಾಯಿ ಎಂದು ಬರೆದುಕೊಂಡಿದ್ದ ದರದಿಂದ ಗುಣಿಸಿದರೆ ಒಂದು ದಿನದ ಬಿಲ್ಲು 212121 ಎಂದು ಶುರುವಾಗಿ ಪರದೆಯ ಆ ತುದಿಯವರೆಗೂ ಓಡಿತ್ತು. ಎಣಿಸಿದರೆ ಸರಿಯಾಗಿ ನೂರು ಅಂಕಿ.

ಕಾರಣ ಸರಳ. ಕೀಬೋರ್ಡಿನಿಂದ ಬಂದದ್ದನ್ನು ಇನ್‌ಪುಟ್ ಎಂಬ ಅಪ್ಪಣೆ ಯಾವಾಗಲೂ ಅಕ್ಷರಮಾಲೆಯಾಗಿ, ಅಂದರೆ ಸ್ಟ್ರಿಂಗ್ ಆಗಿ ಕೊಡುತ್ತದೆ. ಅದಕ್ಕೆ 2 ಎಂಬುದು ಎರಡಲ್ಲ, ಎರಡರ ಚಿತ್ರ. ಎರಡು ಸ್ಟ್ರಿಂಗ್‌ಗಳ ನಡುವೆ ಕೂಡು ಚಿಹ್ನೆ ಇಟ್ಟರೆ ಪಕ್ಕಪಕ್ಕ ಜೋಡಿಸು ಎಂದರ್ಥ. ಸ್ಟ್ರಿಂಗನ್ನು 50ರಿಂದ ಗುಣಿಸಿದರೆ ಐವತ್ತು ಸಲ ಬರೆ ಎಂದರ್ಥ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿದೆ. ತಮಾಷೆಯೆಂದರೆ, ದರ 50ರ ಬದಲು 50.50 ಆಗಿದ್ದರೆ ಕೆಂಪು ಬರುತ್ತಿತ್ತು, ಐವತ್ತೂವರೆ ಸಲ ಬರೆಯುವುದು ಹೇಗೆಂದು ಪೈಥಾನಿಗೆ ಗೊತ್ತಿಲ್ಲ. ಕೂಡುವ ಬದಲು ಕಳೆದಿದ್ದರೂ ಕೆಂಪೇ. ಇಂಟ್ ಎಂಬ ಅಪ್ಪಣೆಯಿಂದ ಪೂರ್ಣಾಂಕವಾಗಿಸಿಯೋ, ಅರ್ಧ ಲೀಟರ್ ಇದ್ದರೆ ಫ್ಲೋಟ್‌ನಿಂದ ದಶಮಾಂಶವಾಗಿಸಿಯೋ ಕೂಡಿಸಿದರೆ 3 ಬರುತ್ತದೆ.

ಹೀಗೇಕೆ ಇಟ್ಟರು? ಪೈಥಾನ್ 2ರ ಕಾಲದಲ್ಲಿ ಇನ್‌ಪುಟ್ ಅಪ್ಪಣೆಯು ಬಳಕೆದಾರ ಒತ್ತಿದ್ದನ್ನು ಪ್ರೋಗ್ರಾಮಿನದೇ ತುಣುಕೆಂದು ತಿಳಿದು ನಡೆಸಿಬಿಡುತ್ತಿತ್ತು. ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತಿತ್ತು, ನಿಜ, ಆದರೆ ಕಿಡಿಗೇಡಿಯೊಬ್ಬ ಸಂಖ್ಯೆಯ ಬದಲು ಫೈಲು ಅಳಿಸುವ ಅಪ್ಪಣೆ ಒತ್ತಿದರೆ ಅದೂ ನಡೆಯುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಆ ಬಾಗಿಲು ಮುಚ್ಚಿತು. ಹಳೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು, ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಪಠ್ಯಗಳು ಹಳೆಯ ರೀತಿಯಲ್ಲೇ ಅಚ್ಚಾಗಿದ್ದವು. ಪ್ರಿಂಟ್ ಪದದ ಮುಂದೆ ಆವರಣವಿಲ್ಲದ ಉದಾಹರಣೆ ಕಂಡರೆ ಆ ಪುಸ್ತಕವನ್ನು ಪಕ್ಕಕ್ಕಿಡಿ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ ಇನ್ನೂ ಧಾರಾಳಿ. ಅದಕ್ಕೆ ಅಕ್ಷರರೂಪದ 5ರಿಂದ 2 ಕಳೆ ಎಂದರೆ 3 ಎನ್ನುತ್ತದೆ, ಕೂಡು ಎಂದರೆ 52 ಎನ್ನುತ್ತದೆ, ಎರಡಕ್ಕೂ ತಕರಾರಿಲ್ಲ. ಕಲಿಯುವವರಿಗೆ ತಕರಾರು ಮಾಡುವ ಭಾಷೆಯೇ ಒಳ್ಳೆಯದೆಂದು ನನ್ನ ಪಕ್ಷಪಾತ.

ಕನ್ನಡದಲ್ಲಿ ಪ್ರಯೋಗ ಮಾಡುವವರಿಗೆ ಇಲ್ಲೇ ಒಂದು ಸಂತೋಷದ ಸುದ್ದಿಯಿದೆ. ಪೈಥಾನ್ 3ರಲ್ಲಿ ಸ್ಟ್ರಿಂಗ್ ಎಂದರೆ ಯುನಿಕೋಡ್ ಸಂಕೇತಗಳ ಸಾಲು. ಬಳಕೆದಾರ ೧೨ ಎಂದು ಕನ್ನಡ ಅಂಕಿಯಲ್ಲೇ ಒತ್ತಿದರೂ ಇಂಟ್ ಅದನ್ನು ಹನ್ನೆರಡು ಎಂದು ಸರಿಯಾಗಿ ಓದುತ್ತದೆ. ಹಾಲು, ಹೆಸರು ಎಂಬಂಥ ಕನ್ನಡ ಪದಗಳನ್ನು ಚರಾಕ್ಷರಗಳಿಗೆ, ಅಂದರೆ ವೇರಿಯಬಲ್ಲುಗಳಿಗೆ, ಹೆಸರಾಗಿ ಇಟ್ಟರೂ ನಡೆಯುತ್ತದೆ. ಆದರೆ "ಲೀಟರ್‌ಗಳು" ಎಂದಿಟ್ಟು ನೋಡಿ, ಕೆಂಪು! ಅರ್ಕಾವೊತ್ತು ಆಗದಂತೆ ರ್ ಮತ್ತು ಗ ನಡುವೆ ನಾವು ಒತ್ತುವ ಅದೃಶ್ಯ ಅಕ್ಷರವೊಂದು ಅಲ್ಲಿ ಕೂತಿದೆ. ಹೆಸರಿನಲ್ಲಿ ಅದಕ್ಕೆ ಪ್ರವೇಶವಿಲ್ಲ. ಇನ್ನು "ಮೈಸೂರು" ಎಷ್ಟು ಉದ್ದ ಎಂದು ಕೇಳಿದರೆ ನಮ್ಮ ಕಣ್ಣಿಗೆ ಮೂರಕ್ಷರ, ಪೈಥಾನಿಗೆ ಆರು, ಏಕೆಂದರೆ ಐತ್ವ, ದೀರ್ಘ ಕೊಂಬು, ಕೊಂಬು ಒಂದೊಂದೂ ಅದಕ್ಕೆ ಬೇರೆ ಸಂಕೇತ. ತಿರುಗುಮುರುಗು ಮಾಡು ಎಂದರೆ "ರುಸೂಮೈ" ಬರುವುದಿಲ್ಲ. ಒಂದು ಕೊಂಬು ಅನಾಥವಾಗಿ ಮುಂದೆ ನಿಂತು, ಹಿಂದೆ "ರೂಸೈಮ" ಬರುತ್ತದೆ. ಎಡವಟ್ಟು ಭಾಷೆಯದಲ್ಲ, ಅಕ್ಷರ ಎಂದರೆ ಏನು ಎಂಬ ಪ್ರಶ್ನೆಗೆ ನಮ್ಮದೂ ಯಂತ್ರದ್ದೂ ಉತ್ತರ ಬೇರೆ.

ಸಂಖ್ಯೆಯ ವಿಷಯದಲ್ಲೂ ಇಂಥದೇ ಒಂದು ಭಿನ್ನಾಭಿಪ್ರಾಯವಿದೆ. 0.1ಕ್ಕೆ 0.2 ಕೂಡಿಸಿ ಎಂದರೆ ಪೈಥಾನ್ 0.30000000000000004 ಎನ್ನುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದು ಹೊಸಬರು ತಿಳಿಯುವುದು ಇಲ್ಲಿಯೇ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಹೋದರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಹತ್ತನೇ ಒಂದು ದ್ವಿಮಾನದಲ್ಲಿ ಹಾಗೆಯೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಅರ್ಧ, ಕಾಲು ಇಂಥವು ಮಾತ್ರ ಕರಾರುವಾಕ್ಕು. ನಮ್ಮ ಹಳೆಯ ಲೆಕ್ಕದ ಕಾಲು, ಅರೆಕಾಲು, ವೀಸ, ಅಂದರೆ 4, 8, 16ರಲ್ಲಿ ಒಂದು ಪಾಲು, ಇವೆಲ್ಲ ಅರ್ಧಿಸುತ್ತಾ ಹೋದ ಭಿನ್ನರಾಶಿಗಳು. ಕಂಪ್ಯೂಟರ್ ಜಾಯಮಾನಕ್ಕೆ ಪೈಸೆಗಿಂತ ವೀಸವೇ ಹೆಚ್ಚು ಒಗ್ಗುತ್ತದೆ! ಈ ಕತ್ತರಿಸುವಿಕೆ ಜೀವ ತೆಗೆದದ್ದೂ ಉಂಟು. ಪೈಥಾನಿನ ಮೊದಲ ಆವೃತ್ತಿ ಹೊರಬಂದದ್ದು 1991ರ ಫೆಬ್ರುವರಿ 20ರಂದು. ಐದೇ ದಿನದ ನಂತರ, ಕೊಲ್ಲಿ ಯುದ್ಧದ ವೇಳೆ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ, 28 ಸೈನಿಕರು ಸತ್ತರು. ಪೇಟ್ರಿಯಟ್ ವ್ಯವಸ್ಥೆಯ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಒಂದರಲ್ಲಿ ಎಣಿಸುತ್ತಿತ್ತು, ಆ ಹತ್ತನೇ ಒಂದನ್ನು 24 ಬಿಟ್‌ಗೆ ಕತ್ತರಿಸಲಾಗಿತ್ತು. ಸುಮಾರು 100 ಗಂಟೆ ನಿಲ್ಲಿಸದೆ ಓಡಿಸಿದಾಗ ತುಣುಕೆಲ್ಲ ಸೇರಿ 0.34 ಸೆಕೆಂಡು ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಯಾವ ಪರದೆಯಲ್ಲೂ ಕೆಂಪು ಬಂದಿರಲಿಲ್ಲ.

ಹಾಲಿನ ಲೆಕ್ಕಕ್ಕೆ ಅಷ್ಟು ಭಯ ಬೇಡ. ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಂಡು ಕೊನೆಗೆ ನೂರರಿಂದ ಭಾಗಿಸಿದರಾಯಿತು.

ಇನ್ನೊಂದು ಕಾಟವನ್ನು ಬೇಗ ಹೇಳಿಬಿಡುತ್ತೇನೆ. ರ್‍ಯಾಂಡಮ್ ಎಂಬ ಸಲಕರಣೆಯನ್ನು ಕಲಿಯುವಾಗ ಅಭ್ಯಾಸದ ಫೈಲಿಗೂ ರ್‍ಯಾಂಡಮ್ ಎಂದೇ ಹೆಸರಿಟ್ಟರೆ, ಪೈಥಾನ್ ಮೊದಲು ನಿಮ್ಮ ಫೋಲ್ಡರಿನಲ್ಲಿ ಹುಡುಕಿ ನಿಮ್ಮ ಫೈಲನ್ನೇ ಹಿಡಿದುಕೊಳ್ಳುತ್ತದೆ, ಆಮೇಲೆ ಅದರಲ್ಲಿ ಬೇಕಾದದ್ದು ಇಲ್ಲ ಎಂದು ದೂರುತ್ತದೆ. ಫೈಲಿನ ಹೆಸರು ಬದಲಿಸಿ.

ಹಾಗಾದರೆ ಕೆಂಪು ಬಾರದ ತಪ್ಪನ್ನು ಹಿಡಿಯುವುದು ಹೇಗೆ? ನಾನು ಅವಳಿಗೆ ಹೇಳಿಕೊಟ್ಟದ್ದು ಒಂದೇ ಉಪಾಯ: ಪ್ರತಿ ಹೆಜ್ಜೆಯಲ್ಲೂ ಚರಾಕ್ಷರವೆಂಬ ಡಬ್ಬಿಯೊಳಗೆ ಏನಿದೆ ಎಂದು ಪ್ರಿಂಟ್ ಮಾಡಿಸು, ಅದು ಯಾವ ಜಾತಿಯದು ಎಂದು ಟೈಪ್ ಎಂಬ ಅಪ್ಪಣೆಯಿಂದ ಕೇಳು. ಏನು ಬರಬೇಕೆಂದು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಓಡಿಸು. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ, ನಾನೂ ಬಹಳ ವರ್ಷ ಮಾಡಿರಲಿಲ್ಲ. ಕೇಂಬ್ರಿಜಿನಲ್ಲಿ ಎಡ್ಸ್ಯಾಕ್ ಕಂಪ್ಯೂಟರ್ ಕಟ್ಟಿದ ಮೊರಿಸ್ ವಿಲ್ಕ್ಸ್ 1949ರ ಸುಮಾರಿಗೆ ಒಂದು ದಿನ ಮೆಟ್ಟಿಲು ತಿರುಗುವಾಗ ಹೊಳೆದದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ: ಉಳಿದ ಆಯುಷ್ಯದ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂದು. ಅವರು 97 ವರ್ಷ ವಯಸ್ಸಿನವರೆಗೂ ಬದುಕಿದರು.

ತಿಂಗಳ ಕೊನೆಗೆ ಹುಡುಗಿ ಪ್ರೋಗ್ರಾಮನ್ನು ದೊಡ್ಡದು ಮಾಡಿದಳು. 31 ದಿನದ ಲೀಟರುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟು, ಒಂದೊಂದನ್ನೇ ತೆಗೆದು ಕೂಡಿಸುವುದು. ರೇಂಜ್ ಎಂಬ ಅಪ್ಪಣೆ ಕೊನೆಯ ಸಂಖ್ಯೆಯನ್ನು ಬಿಟ್ಟುಬಿಡುತ್ತದೆ ಎಂದು ನಾನೇ ಹೇಳಿದ್ದೆ. ಹಾಗಾಗಿ ಜಾಣತನದಿಂದ 1ರಿಂದ 32 ಎಂದು ಕೊಟ್ಟಿದ್ದಳು. ಕೆಂಪು ಬಂತು, ಪಟ್ಟಿಯಲ್ಲಿ ಅಂಥ ಸ್ಥಾನವಿಲ್ಲ ಎಂದು. ನನಗೆ ಫೋಟೊ ಕಳಿಸಲಿಲ್ಲ. 32 ಅಳಿಸಿ 31 ಮಾಡಿದಳು, ಕೆಂಪು ಹೋಯಿತು, ಒಟ್ಟು ಬಂತು: 90 ಲೀಟರ್.

ಮಾರನೇ ಬೆಳಿಗ್ಗೆ ಅಕ್ಕನದೇ ಫೋನು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಂದಾಗಲೆಲ್ಲ ಪೆನ್ಸಿಲ್ಲಿನಿಂದ ಗೀಟು ಹಾಕುವುದು ಅವಳ ಇಪ್ಪತ್ತು ವರ್ಷದ ಪದ್ಧತಿ. "93 ಆಗತ್ತೆ ಕಣೋ. ನನ್ನ ಗೀಟು ತಪ್ಪಲ್ಲ. ಅದೇನು ನೋಡ್ರಿ ಇಬ್ಬರೂ."

ನೋಡಿದೆವು. ಪೈಥಾನ್ ಪಟ್ಟಿಯ ಸ್ಥಾನಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಮೊದಲ ದಿನ ಇರುವುದು 0ಯಲ್ಲಿ, 31ನೇ ದಿನ 30ರಲ್ಲಿ. 1ರಿಂದ ಶುರುಮಾಡಿದ್ದರಿಂದ ಒಂದನೇ ತಾರೀಖಿನ ಮೂರು ಲೀಟರ್ ಎಣಿಕೆಗೇ ಬಂದಿರಲಿಲ್ಲ. ಅದನ್ನೇ ಕೆಂಪು ಹಿಂದಿನ ರಾತ್ರಿ ತನ್ನದೇ ರೀತಿಯಲ್ಲಿ ಹೇಳಲು ನೋಡಿತ್ತು. 1ರ ಜಾಗದಲ್ಲಿ 0 ಹಾಕಿದೆವು, 93 ಬಂತು. ಅಕ್ಕ ಅಷ್ಟರಲ್ಲಿ ಹಾಲಿನವನಿಗೆ ದುಡ್ಡು ಕೊಟ್ಟು ಕಳಿಸಿಯಾಗಿತ್ತು.