ಭ್ರಮರಕೀಟನ್ಯಾಯವೂ ಕೀಟಸಂಗ್ರಹದ ಪಾಠವೂ

ಭ್ರಮರಕೀಟನ್ಯಾಯವು ನಮ್ಮ ಸಾಹಿತ್ಯವನ್ನೋದುವವರೆಲ್ಲರಿಗೂ ಪರಿಚಿತವಾದುದೇ. ಭ್ರಮರವು ಹುಳುವೊಂದನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಕುಟುಕಲು, ಆ ಹುಳುವು ಭಯದಿಂದ ಅದನ್ನೇ ಧ್ಯಾನಿಸುತ್ತ ಕಡೆಗೆ ತಾನೂ ಭ್ರಮರವಾಗುವುದೆಂಬುದು ಇದರ ತಾತ್ಪರ್ಯ. ಈ ದೃಷ್ಟಾಂತವನ್ನು ವಿವರಿಸುವ ಉಪಾಧ್ಯಾಯರಲ್ಲಿ ಅಂತಹ ಗೂಡನ್ನು ಒಡೆದು ನೋಡಿದವರೆಷ್ಟು ಮಂದಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ಗೋಡೆಗಳ ಮೇಲೂ ತೊಲೆಗಳ ಸಂದಿನಲ್ಲಿಯೂ ಈ ಗೂಡುಗಳನ್ನು ಹುಡುಕುವುದು ಕಷ್ಟವಲ್ಲ. ಶಿಕ್ಷಕ ತರಬೇತಿಯ ವಿದ್ಯಾರ್ಥಿಯು ಕುಂಬಾರಹುಳುವಿನ ಹೊಸ ಗೂಡೊಂದನ್ನು ಚಾಕುವಿನಿಂದ ಮೆಲ್ಲನೆ ಬಿಡಿಸಲಿ. ಎಲೆ ತಿನ್ನುವ ಹಸುರು ಹುಳುಗಳು ಕುಟುಕಿನ ವಿಷದಿಂದ ಜಡವಾಗಿ, ಆದರೆ ಸಾಯದೆ, ಒಳಗೆ ಬಿದ್ದಿರುವುವು. ಗೂಡಿನ ಮಾಡಿನಿಂದ ಎಳೆಯೊಂದಕ್ಕೆ ಮೊಟ್ಟೆಯು ತೂಗುತ್ತಿರುವುದು. ಅದರಿಂದ ಹೊರಟ ಮರಿಯು ಆ ಹುಳುಗಳನ್ನೇ ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ಮಣ್ಣನ್ನು ಕೊರೆದು ಹಾರಿಹೋಗುವುದು. ಹುಳುವನ್ನಿಟ್ಟ ಗೂಡಿನಿಂದ ಭ್ರಮರವು ಹೊರಬಂದಿತೆಂಬ ಹಿಂದಿನವರ ನೋಟವು ಸುಳ್ಳಲ್ಲ. ನಡುವಣ ಸಂಗತಿಯು ಮಾತ್ರ ಗೋಡೆಯ ಮರೆಯಲ್ಲಿತ್ತು. ಇದರಿಂದ ಕವಿಯ ಉಪಮೆಗೆ ಕುಂದೇನೂ ಇಲ್ಲವೆಂದು ನಮ್ಮ ಅಭಿಪ್ರಾಯ. ಗೂಡಿನಲ್ಲಿ ಜೇಡಗಳೇ ತುಂಬಿದ್ದರೆ ಅದು ಬೇರೊಂದು ಜಾತಿಯ ಕಣಜದ್ದೆಂದು ತಿಳಿಯತಕ್ಕದ್ದು. ಮತ್ತೊಂದು ಗೂಡನ್ನು ಒಡೆಯದೆ ಗಾಜಿನ ಭರಣಿಯಲ್ಲಿಟ್ಟು, ತೆಳುಬಟ್ಟೆ ಕಟ್ಟಿ ಕಾದರೆ, ಹೊರಬರುವುದನ್ನೂ ಕಾಣಬಹುದು.

ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರ್ (1823–1915) ಮೊದಲು ಉಪಾಧ್ಯಾಯ ತರಬೇತಿಯ ವಿದ್ಯಾರ್ಥಿಯೇ ಆಗಿದ್ದನು. 1843ರ ಸುಮಾರಿಗೆ ಅವನು ಬಯಲಿನಲ್ಲಿ ಭೂಮಾಪನವನ್ನು ಕಲಿಸುತ್ತಿರುವಾಗ ಹುಡುಗರು ಅಳತೆಯನ್ನು ಬಿಟ್ಟು, ಕಲ್ಲುಗಳ ಮೇಲಿನ ಮಣ್ಣಿನ ಗೂಡುಗಳಿಂದ ಹುಲ್ಲುಕಡ್ಡಿಯಲ್ಲಿ ಜೇನು ಹೀರುತ್ತಿದ್ದರು. ಗುರುವು ಗದರಿಸಲಿಲ್ಲ, ತಾನೂ ಅವರೊಡನೆ ಸೇರಿದನು.

ಸಂಗ್ರಹವೆಂದೊಡನೆ ಕೊಂದು ಸೂಜಿಗೆ ಚುಚ್ಚುವುದೆಂದು ಭಾವಿಸಬೇಕಿಲ್ಲ. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ, ಚಿಟ್ಟೆಗಳನ್ನು ಹಿಡಿಯದೆಯೇ ನೋಡಿ ಬರೆದುಕೊಳ್ಳುವುದು ಲೇಸು. ಉಳಿದವುಗಳೊಡನೆ ಸಿಕ್ಕಿದ ಸ್ಥಳ, ದಿನ, ಗಿಡ ಇವುಗಳ ಚೀಟಿಯು ಅವಶ್ಯ. ಊರವರು ಕರೆಯುವ ಹೆಸರೂ ಅದರಲ್ಲಿರಲಿ. ಮಿರಗದ ಮಳೆ ಬಿದ್ದಾಗ ನೆಲದಿಂದೇಳುವ ಕೆಂಪು ಮಖಮಲ್ಲಿನಂತಹ ಮಿರಗದ ಹುಳವನ್ನು ವಿದ್ಯಾರ್ಥಿಯು ಅಂಗೈಯಲ್ಲಿಟ್ಟು ಎಣಿಸಿದರೆ ಕಾಲುಗಳು ಆರಲ್ಲ, ಎಂಟು. ಅದು ಜೇಡದ ಬಳಗಕ್ಕೆ ಸೇರಿದುದು, ಕೀಟವಲ್ಲ. ಆದರೂ ಚೀಟಿಯಲ್ಲಿ ‘ಹುಳ’ ಎಂಬ ಹೆಸರನ್ನು ಹೊಡೆದುಹಾಕದೆ, ಅದರ ಕೆಳಗೆ ‘ಎಂಟು ಕಾಲು’ ಎಂದು ಬರೆಯಲಿ.