ಶಾಲಾ ಪ್ರವಾಸ: ಮನೆಯಲ್ಲೇ ಉಳಿಯುವ ಮಗು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುವ ದಿನಗಳಲ್ಲಿಯೇ ನಮ್ಮ ಮಕ್ಕಳ ಪಾಟೀಚೀಲದೊಳಗೆ ಪ್ರವಾಸದ ಚೀಟಿಯೂ ಮನೆಗೆ ಬರುತ್ತದೆ. ನಿಪ್ಪಾಣಿಯ ಕಡೆಯವರು ಮರಾಠಿಯ ರೂಢಿಯಂತೆ ಇದನ್ನು ‘ಸಹಲ್’ ಎನ್ನುವರು. ಹೆಸರು ಯಾವುದಾದರೇನು, ಆ ರಾತ್ರಿ ಮಕ್ಕಳಿಗೆ ನಿದ್ರೆಯಿಲ್ಲ. ಶುಲ್ಕದ ಅಂಕಿಯನ್ನು ಓದಿದ ತಾಯಿತಂದೆಯರಿಗೂ ಇಲ್ಲ.

ಹಿಂದೆ ಪ್ರವಾಸವೆಂದರೆ ಗೋಕಾಕ ಜಲಪಾತ, ವಿಜಯಪುರದ ಗೋಳಗುಮ್ಮಟ, ಬಾದಾಮಿ. ಕಥೋಲಿಕ ಕುಟುಂಬಗಳಿಗೆ ಹಳೆ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರ ಸನ್ನಿಧಿ. ಇಂದಿನ ಮಕ್ಕಳು ಬಯಸುವುದು ಸಾಹಸ ಕ್ರೀಡೆಯ ತಾಣಗಳನ್ನು: ಹಗ್ಗದ ಸೇತುವೆ, ಬಲೆಯ ಏಣಿ, ತಂತಿಗೆ ಜೋತು ಜಾರುವ ಆಟ. ಇದರಲ್ಲಿ ಕಲಿಯುವುದೇನಿದೆ ಎಂದು ಹಿರಿಯರು ಗೊಣಗುವುದುಂಟು. ನನಗೆ ಹಾಗೆ ತೋರದು. ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವ ಗೋಕಾಕದಲ್ಲಿ ತೂಗುಸೇತುವೆಯನ್ನು ದಾಟಿ ಬಂದ ನಮ್ಮ ಪೀಳಿಗೆ ಎತ್ತರದ ಅಂಕಿಯನ್ನು ಮರೆತಿರಬಹುದು. ಕಾಲಡಿಯ ಆ ನಡುಕವನ್ನು ಮರೆತಿಲ್ಲ.

ಧರ್ಮಸಭೆಗೂ ಇದು ಹೊಸದಲ್ಲ. ಸಂತ ಜಾನ್ ಬೋಸ್ಕೊ ಇಟಲಿಯ ತುರಿನ್ ನಗರದ ಬಡ ಹುಡುಗರನ್ನು ಕಟ್ಟಿಕೊಂಡು, ವಾದ್ಯಮೇಳದೊಡನೆ, ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುತ್ತಿದ್ದರು. 1864ರ ಅಕ್ಟೋಬರಿನಲ್ಲಿ ಅಂಥದೊಂದು ಪ್ರವಾಸದಲ್ಲಿಯೇ ಅವರು ಮೊರ್ನೇಸೆ ಎಂಬ ಹಳ್ಳಿಯಲ್ಲಿ ಮರಿಯ ಮಜ್ಜರೆಲ್ಲೊ ಎಂಬ ಯುವತಿಯನ್ನು ಕಂಡುದು. ಮುಂದೆ ಆಕೆಯೂ ಸಂತಳಾದಳು. ಅದೇ ತುರಿನ್ನಿನ ಪಿಯೆರ್ ಜಾರ್ಜೊ ಫ್ರಸ್ಸಾತಿ (1901–1925) ಪರ್ವತಾರೋಹಣದಲ್ಲಿ ಆನಂದಿಸಿದ ಯುವಕ. ವಿಶ್ವಗುರು 14ನೆಯ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಆತನಿಗೆ ಸಂತ ಪದವಿ ನೀಡಿದರು. ಸ್ಥಿತಿವಂತರ ಮಗನಾದರೂ ಪ್ರಯಾಣದ ಹಣವನ್ನು ಬಡವರ ಕೈಗಿತ್ತು, ಊಟದ ಹೊತ್ತಿಗೆ ಮನೆ ಸೇರಲು ಓಡುತ್ತಿದ್ದನಂತೆ.

ಆ ಓಟದ ಪ್ರಸಂಗವನ್ನು ಓದಿದಾಗಲೆಲ್ಲ ನಾನು ಶಿಕ್ಷಕನಾಗಿದ್ದಾಗಿನ ಒಂದು ಸಂಗತಿ ನೆನಪಾಗುತ್ತದೆ. ನಾಲ್ಕನೆಯ ತರಗತಿಯ ಪ್ರವಾಸಕ್ಕೆ ಹಣ ಕಟ್ಟಿದವರ ಹೆಸರನ್ನು ನಾನು ದಿನವೂ ತರಗತಿಯಲ್ಲಿ ಓದುತ್ತಿದ್ದೆ. ಅದು ಶಿಸ್ತೆಂದು ಭಾವಿಸಿದ್ದೆ. ಕಬ್ಬು ಕಡಿಯುವವರೊಬ್ಬರ ಮಗಳು ಕಡೆಯ ದಿನ ನನ್ನ ಬಳಿಗೆ ಬಂದು, “ಗುರುಗಳೇ, ನನಗೆ ಬಸ್ಸಿನಾಗ ವಾಂತಿ ಆಗ್ತೈತ್ರಿ, ನಾ ಬರೂದಿಲ್ರಿ” ಎಂದಳು. ನಾನು ನಂಬಿದೆ, ಅಥವಾ ನಂಬುವುದು ನನಗೆ ಅನುಕೂಲವಾಗಿತ್ತು. ಪ್ರವಾಸದ ಮರುದಿನ ಗೆಳತಿಯರು ಹೇಳಿದ್ದನ್ನೆಲ್ಲ ಅವಳು ಕಣ್ಣರಳಿಸಿ ಕೇಳಿದಳು. ಹಗ್ಗ ಎಷ್ಟು ದಪ್ಪವಿತ್ತು, ಮೊದಲು ಏರಿದವರಾರು, ಅತ್ತವರಾರು ಎಂದು ಒಂದೊಂದನ್ನೂ ವಿಚಾರಿಸಿದಳು. ಮುಂದಿನ ವಾರದ ಪ್ರಬಂಧದಲ್ಲಿ ‘ನಾನು ಕಂಡ ಪ್ರವಾಸ’ ಎಂದು ಎಲ್ಲರಿಗಿಂತ ಉದ್ದವಾಗಿ ಬರೆದವಳು ಅವಳೇ. ನಾನು ಅಂಕ ಹಾಕದೆ ಪುಸ್ತಕವನ್ನು ಮರಳಿಸಿದೆ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಮನೆಗಳಲ್ಲಿಯೂ ಇಂಥ ‘ವಾಂತಿ’ಗಳು ಎಷ್ಟೋ ಇರಬೇಕು. ದೂರದ ದುಬಾರಿ ತಾಣಕ್ಕೆ ಅರ್ಧ ತರಗತಿ ಹೋಗುವುದಕ್ಕಿಂತ, ಒಂದೇ ದಿನದಲ್ಲಿ ಮರಳಬಹುದಾದ ತಾಣಕ್ಕೆ ಇಡೀ ತರಗತಿ ಹೋಗುವುದು ಲೇಸು. ತಮ್ಮ ಮಗುವಿನ ಹಟಕ್ಕೆ ಸೋತು ದೂರದ ತಾಣವನ್ನೇ ಒತ್ತಾಯಿಸುವ ಪೋಷಕರು ಇದನ್ನು ಯೋಚಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಹಗ್ಗ ಹಿಡಿಯುವವನಿಗೆ ತರಬೇತಿಯಿದೆಯೇ, ಮಗುವಿನ ಅಳತೆಗೆ ಒಪ್ಪುವ ಹೆಲ್ಮೆಟ್ಟು, ಸೊಂಟದ ಪಟ್ಟಿ ಇವೆಯೇ, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದನ್ನು ಚೀಟಿಗೆ ಸಹಿ ಹಾಕುವ ಮೊದಲೇ ಕೇಳಬೇಕು. ಕೇಳಿದರೆ ಶಿಕ್ಷಕರು ತಪ್ಪು ತಿಳಿಯಲಾರರು. ಏರಲು ಒಲ್ಲೆನೆಂದ ಮಗುವನ್ನು ಗೆಳೆಯರೆದುರು ಹಂಗಿಸಿ ಏರಿಸಲೂಬಾರದು.

ಫ್ರಸ್ಸಾತಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಸದಸ್ಯನಾಗಿದ್ದನು. ಆ ಸಭೆ ಇರುವ ಧರ್ಮಕೇಂದ್ರಗಳಲ್ಲಿ ಆಗಮನ ಕಾಲದ ಕಾಣಿಕೆಯ ಒಂದು ಪಾಲನ್ನು ಇದಕ್ಕೆಂದು ತೆಗೆದಿರಿಸಬಹುದು. ಇಲ್ಲದ ಕಡೆ ನಾಲ್ಕು ಮನೆಯವರು ಕೂಡಿದರೆ ಸಾಕು. ಹಣವನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಡಬೇಕು. ಯಾವ ಮಗುವಿನ ಶುಲ್ಕ ಎಲ್ಲಿಂದ ಬಂತೆಂಬುದು ಅವರ ಹೊರತು ಬೇರಾರಿಗೂ, ಆ ಮಗುವಿಗೂ, ತಿಳಿಯಬೇಕಾಗಿಲ್ಲ.